ಹನ್ನೊಂದನೇ ಕಾಲಂ

ಆ ಅರ್ಜಿ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಚೌಕಕ್ಕೊಂದೇ ಅಕ್ಷರ, ಗೆರೆ ದಾಟಬಾರದು ಎಂದು ಮೇಲೆಯೇ ದಪ್ಪಗೆ ಅಚ್ಚು ಹಾಕಿದ್ದಾರೆ. ಈ ಮಹಾನುಭಾವ ಪ್ರತಿ ಅಕ್ಷರಕ್ಕೂ ಬಾಲ ಎಳೆದು, ಪಕ್ಕಕ್ಕೆ ನೆರಳು ಕೊಟ್ಟು, ಇಡೀ ಪುಟಕ್ಕೆ ಬಳ್ಳಿ ಹಬ್ಬಿಸಿದ್ದ. ಸ್ಕ್ಯಾನರಿಗೆ ಒಂದಕ್ಷರವೂ ತಿಳಿಯದೆ ಅರ್ಜಿ ವಾಪಸ್ ಬಂದಿತ್ತು.

“ಇದು ಅರ್ಜಿನಾ, ಅಂಗಡಿ ಬೋರ್ಡಾ?” ಎಂದೆ.

“ನಾನು ಬರೆಯೋದೇ ಬೋರ್ಡು, ಮೇಡಂ,” ಎಂದ ಕೌಂಟರಿನ ಆಚೆ ನಿಂತವನು. ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಉಳಿದಿತ್ತು. ನಾಚಿಕೆಯಾಗಿದ್ದು ನನಗೇ.

ನಾನು ಆಸ್ಪತ್ರೆಯ ಸಹಾಯ ಕೌಂಟರಿನವಳು. ವಿಮೆ ಇಲ್ಲದ, ಕಡಿಮೆ ಆದಾಯದ ಜನ ಬರುತ್ತಾರೆ. ಅವರ ಚಿಕಿತ್ಸೆಗೆ ಯಾವ ಯೋಜನೆ ಒದಗುತ್ತದೆ ಎಂದು ಹುಡುಕಿ, ಕಾಗದಪತ್ರ ಕೂಡಿಸಿ, ಅರ್ಜಿ ಕಳಿಸುತ್ತೇನೆ. ಮಕ್ಕಳಿಗೆ ಒಂದು ಯೋಜನೆ ಇದೆ, ಮುದುಕರಿಗೆ ಇನ್ನೊಂದು. ನಡುವಯಸ್ಸಿನ ಒಂಟಿ ಜೀವಗಳದ್ದೇ ಕಷ್ಟ.

ಅವನ ಬಲಗೈ ಮರಗಟ್ಟುತ್ತಿತ್ತು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಎರಡು ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಬ್ರಷ್ಷು ಹಿಡಿಯುವ ಶಕ್ತಿ ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಬರೆದಿದ್ದರು. ಅರ್ಜಿಗೆ ತಿಂಗಳ ಕೊನೆಯೇ ಗಡುವು. ಆ ಕೈ ಹೋದರೆ ಅವನಿಗೆ ಬೇರೆ ಬದುಕಿಲ್ಲ.

ಹೊಸ ಅರ್ಜಿ ಕೊಟ್ಟೆ. ಅವನ ಬೆರಳಿಗೆ ಹಿಡಿತ ಸಿಗಲಿ ಎಂದು ಪೆನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಟ್ಟೆ. ಅವನು ಪೆನ್ನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಅಷ್ಟು ಹೊತ್ತು ನನ್ನನ್ನು ಯಾರಾದರೂ ನೋಡಿ ಎಷ್ಟು ಕಾಲವಾಗಿತ್ತೋ. ಸುಮ್ಮನೆ ಸ್ಟೇಪ್ಲರ್ ಹುಡುಕಿದೆ. ಅದು ಕೈಯಲ್ಲೇ ಇತ್ತು.

ಆಮೇಲೆ ಒಂದೊಂದು ಕಾಗದಕ್ಕೂ ಒಂದೊಂದು ದಿನ ಬಂದ. ಸರದಿ ಬರುವವರೆಗೆ ಬೆಂಚಿನಲ್ಲಿ ಕೂತು ಆಸ್ಪತ್ರೆಯ ಬೋರ್ಡುಗಳ ಜಾತಕ ಹೇಳುತ್ತಿದ್ದ. ಔಷಧಿ ಅಂಗಡಿಯ ಬೋರ್ಡು ಬರೆದವನಿಗೆ ಬಸ್ಸು ತಪ್ಪುವ ಅವಸರವಿತ್ತಂತೆ. ಶವಾಗಾರದ ಬೋರ್ಡು ಮಾತ್ರ ಬಹಳ ಪ್ರೀತಿಯಿಂದ ಬರೆದದ್ದಂತೆ. ನಾನು ನಕ್ಕೆ, ನಕ್ಕಿದ್ದಕ್ಕೆ ಎಡಗಡೆ ದವಡೆ ಚುಚ್ಚಿತು.

“ಬಂದಾಗೆಲ್ಲ ನೋಡ್ತಿದೀನಿ, ಕೆನ್ನೆ ಹಿಡ್ಕೊಂಡೇ ಇರ್ತೀರಲ್ಲ. ತೋರಿಸಬಾರದಾ?”

“ನಾನು ಕಾಂಟ್ರಾಕ್ಟಿನವಳು. ನಂಗೂ ವಿಮೆ ಇಲ್ಲ.”

“ಮತ್ತೆ ನಿಮ್ಮ ಅರ್ಜಿ ಯಾರು ತುಂಬಿಸ್ತಾರೆ?”

ಮುಂದಿನವರನ್ನು ಕರೆದುಬಿಟ್ಟೆ. ನನ್ನ ಅರ್ಜಿ ಡ್ರಾಯರಿನ ತಳದಲ್ಲಿ ಒಂದು ವರ್ಷದಿಂದ ಬಿದ್ದಿದೆ ಎಂದು ಹೇಗೆ ಹೇಳಲಿ? ಎಲ್ಲ ತುಂಬಿತ್ತು, ಹನ್ನೊಂದನೇ ಕಾಲಂ ಒಂದು ಬಿಟ್ಟು. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು? ಅಮ್ಮ ಹೋದ ಮೇಲೆ ನನಗೆ ಅಂಥವರು ಇರಲಿಲ್ಲ. ಅಕ್ಕ ಮಾತು ಬಿಟ್ಟು ನಾಲ್ಕು ವರ್ಷ. ಖಾಲಿ ಬಿಟ್ಟರೆ ಅರ್ಜಿ ವಾಪಸ್ ಬರುತ್ತದೆ. ಸಂಜೆ ಮನೆಗೆ ಹೋದರೆ ಬೆಳಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು.

ಅವನ ಅರ್ಜಿಯಲ್ಲೂ ಕೊನೆಗೆ ಉಳಿದದ್ದು ಅದೇ.

“ಗೀಟು ಹಾಕ್ಬಿಡಿ ಮೇಡಂ,” ಎಂದ. “ಊರು ತುಂಬ ಅಂಗಡಿಯವರು ಗೊತ್ತು. ಹುಷಾರಿಲ್ಲ ಅಂತ ಹೇಳ್ಕೊಳ್ಳೋವಷ್ಟು ಯಾರೂ ಗೊತ್ತಿಲ್ಲ.”

ಅವನು ಹೋದ ಮೇಲೆ ಆ ಚೌಕಗಳಲ್ಲಿ ನನ್ನ ಹೆಸರು, ನನ್ನ ನಂಬರ್ ಬರೆದೆ. ಅವನಿಗೆ ಹೇಳಲಿಲ್ಲ.

ಗಡುವಿಗೆ ಎರಡು ದಿನ ಇರುವಾಗ ಮೇಲಧಿಕಾರಿ ಕರೆದರು. ಅರ್ಜಿ ತುಂಬಿಸಿದವರೇ ಸಂಪರ್ಕದವರಾಗುವ ಹಾಗಿಲ್ಲವಂತೆ. ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ನನಗೆ ಆ ನಿಯಮ ಗೊತ್ತಿರಲಿಲ್ಲ, ಏಕೆಂದರೆ ಅದು ಬೇಕಾಗಿರಲೇ ಇಲ್ಲ. ಬೇರೆ ಹೆಸರು ತನ್ನಿ, ಇಲ್ಲವೇ ಫೈಲು ಬೇರೆಯವರಿಗೆ ಬಿಟ್ಟುಕೊಡಿ ಎಂದರು. ಬಿಟ್ಟುಕೊಟ್ಟರೆ ನಾನು ಅವನ ಪಾಲಿಗೆ ಕೌಂಟರಿನವಳಲ್ಲ. ಹಾಗಾದರೆ ಯಾರು? ಅದನ್ನು ಅವನ ಎದುರಿಗೇ ಹೇಳಬೇಕಿತ್ತು.

ಮರುದಿನ ಅವನು ಬಂದಾಗ ನಾನು ಕೌಂಟರಿನಲ್ಲಿ ಇರಲಿಲ್ಲ. ಫೈಲನ್ನು ಮೂರನೇ ಕೌಂಟರಿಗೆ ಬಿಟ್ಟುಕೊಟ್ಟು ಬೆಂಚಿನಲ್ಲಿದ್ದೆ. ಅವನು ಪಕ್ಕದಲ್ಲಿ ಕೂತ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ನಾನು ಮಾಡಿದ್ದನ್ನೆಲ್ಲ ಅವನ ಚಪ್ಪಲಿ ನೋಡಿಕೊಂಡೇ ಹೇಳಿದೆ.

“ಕನಿಕರಕ್ಕೆ ಬರೆದ್ರಾ?” ಎಂದ.

“ಅಲ್ಲ. ನಿಮಗೇನಾದ್ರೂ ಆದ್ರೆ ನಂಗೆ ಗೊತ್ತಾಗ್ಬೇಕು ಅನ್ನಿಸ್ತು. ನೀವು ಬರದಿರೋ ದಿನ ಈ ಬೆಂಚು ನೋಡೋಕಾಗಲ್ಲ. ಬೇಡ ಅಂದ್ರೆ ಹೆಸರು ಹೊಡೆದುಹಾಕ್ತೀನಿ.”

ಅಷ್ಟರಲ್ಲಿ ಸರದಿ ಬಂತು. ಮೂರನೇ ಕೌಂಟರಿನ ಹಿರಿಯಾಕೆ ನನ್ನ ಸಹೋದ್ಯೋಗಿ, ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವವರು. ಕನ್ನಡಕದ ಮೇಲಿಂದ ನಮ್ಮಿಬ್ಬರನ್ನೂ ನೋಡಿದರು. ಗಂಟಲು ಸರಿಮಾಡಿಕೊಂಡು, ಅರ್ಜಿದಾರರಿಗೆ ಇವರು ಏನಾಗಬೇಕು ಎಂದು ಅವನನ್ನು ಕೇಳಿದರು. ಬಂಧು, ಸ್ನೇಹಿತರು, ನೆರೆಯವರು, ಇತರೆ.

“ಸದ್ಯಕ್ಕೆ ಇತರೆ ಅಂತ ಹಾಕಿ,” ಎಂದ ಅವನು. “ಬದಲಾದ್ರೆ ಬಂದು ತಿಳಿಸ್ಬೋದಲ್ವಾ?”

“ಬದಲಾದ್ರೆ ತಿಳಿಸಲೇಬೇಕು. ನಿಯಮ ಇದೆ,” ಎಂದರು ಆಕೆ. ಆ ನಿಯಮವೂ ನನಗೆ ಗೊತ್ತಿರಲಿಲ್ಲ.

ಮಂಜೂರಾತಿ ಬಂತು. ಆಪರೇಷನ್ನಿನ ದಿನ ಕಾಯುವ ಕೋಣೆಯಲ್ಲಿ ನರ್ಸ್ ಕೂಗಿದ್ದು ನನ್ನ ಹೆಸರನ್ನು. ಎಲ್ಲ ಚೆನ್ನಾಗಾಗಿದೆ, ಹಿಡಿತ ನಿಧಾನವಾಗಿ ಬರುತ್ತದೆ ಎಂದರು. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ನಾಲ್ಕನೇ ದಿನ, ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡೇ, ಅವನು ನನ್ನ ಕೌಂಟರಿಗೆ ಬಂದ.

“ನಿಮ್ಮ ಅರ್ಜಿ ಕೊಡಿ,” ಎಂದ.

ಡ್ರಾಯರಿನಿಂದ ತೆಗೆದುಕೊಟ್ಟೆ. ರಬ್ಬರ್ ಬ್ಯಾಂಡ್ ಸುತ್ತಿದ ಪೆನ್ನನ್ನು ಎಡಗೈಯಲ್ಲಿ ಹಿಡಿದು, ನಾಲಿಗೆ ಹಲ್ಲಿನಲ್ಲಿ ಕಚ್ಚಿಕೊಂಡು, ಹನ್ನೊಂದನೇ ಕಾಲಮ್ಮಿನಲ್ಲಿ ತನ್ನ ಹೆಸರು ಬರೆದ. ಬಾಲವಿಲ್ಲ, ನೆರಳಿಲ್ಲ. ಒಂದನೇ ಕ್ಲಾಸಿನ ಮಗುವಿನ ಸೊಟ್ಟ ಅಕ್ಷರಗಳು. ಒಂದೂ ಗೆರೆ ದಾಟದಂತೆ ಬರೆಯಲು ಅವನಿಗೆ ಹತ್ತು ನಿಮಿಷ ಹಿಡಿಯಿತು. ಹಿಂದೆ ಕ್ಯೂನಲ್ಲಿದ್ದವರು ಗೊಣಗಿದರು. ನಾನು ಅವಸರ ಮಾಡಲಿಲ್ಲ.

“ಸ್ಕ್ಯಾನರಿಗೆ ತಿಳಿಯುತ್ತಾ?” ಎಂದು ಕೇಳಿದ.

“ತಿಳಿಯುತ್ತೆ,” ಎಂದೆ. ಅರ್ಜಿಯನ್ನು ಮೂರನೇ ಕೌಂಟರಿಗೆ ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ.