ಕೆಂಪು ಹಚ್ಚಿದ ಹದಿನೇಳು ಸಾಲು

"ಇಷ್ಟೊಂದು ಬಣ್ಣ ಬಳಿದವರು ಯಾರ್ರೀ?"

ಗ್ರಂಥಾಲಯದ ಕಂಪ್ಯೂಟರಿನಲ್ಲಿ ಪುಸ್ತಕಗಳ ಪಟ್ಟಿ ತೆರೆದು ಕೂತಿದ್ದ ಹೊಸಬ ನಗುತ್ತಾ ಕೇಳಿದ. ಆ ಪಟ್ಟಿ ಮಾಡಿದ್ದ ಅವಳಿಗೆ ಮೈಯೆಲ್ಲ ಉರಿಯಿತು.

"ನಾನೇ! ಹಸಿರು ಕಪಾಟಿಗೆ, ಹಳದಿ ಬೈಂಡಿಂಗ್ ಹೊಲಿಗೆಗೆ, ಕೆಂಪು ರದ್ದಿಗೆ. ಅರ್ಥ ಆಗ್ಲಿಲ್ವಾ?"

"ನನಗಾಯ್ತು. ಮ್ಯಾಕ್ರೋ ಅಂತ ಒಂದು ಪುಟ್ಟ ಪ್ರೋಗ್ರಾಂ ಬರೆದು ಕಂಪ್ಯೂಟರಿಗೂ ಅರ್ಥ ಮಾಡಿಸ್ತೀನಿ. ಆರು ಸಾವಿರ ಪುಸ್ತಕದ ಮುಂದೆ ನೀವು ಒಂದೊಂದಾಗಿ ಟೈಪ್ ಮಾಡೋದು ಬೇಡ. ಗುಂಡಿ ಒತ್ತಿದ್ರೆ ಸಾಕು, ಬಣ್ಣ ನೋಡಿ ಅದೇ ಬರೆಯುತ್ತೆ."

ಬರೆಯಿತು ಕೂಡ! ಹಳದಿ ಸೆಲ್‌ಗಳಲ್ಲಿ 'ಹೊಲಿಗೆ', ಕೆಂಪಿನಲ್ಲಿ 'ರದ್ದಿ'. ಅವಳು ಮಗುವಿನಂತೆ ಚಪ್ಪಾಳೆ ತಟ್ಟಿ, ಅವನಿಗೆ 'ಮ್ಯಾಕ್ರೋ ಮಹಾಶಯ' ಅಂತ ಹೆಸರಿಟ್ಟಳು. ಅಲ್ಲಿಂದ ಎರಡು ವಾರ ಇಬ್ಬರ ಚಹಾ ಒಂದೇ ಮೇಜಿನಲ್ಲಿ. ಇವನು ಹೀಗೇ ಎದುರಿಗೆ ಕೂತಿರಲಿ ಅನ್ನಿಸತೊಡಗಿತ್ತು... ಹೇಳುವ ಧೈರ್ಯವೆಲ್ಲಿ?

ಆಮೇಲೊಂದು ಬೆಳಿಗ್ಗೆ ಮೂಲೆಯ ಕಪಾಟು ಖಾಲಿ! ಇದೇ ಗ್ರಂಥಾಲಯದಲ್ಲಿ ಬೈಂಡರ್ ಆಗಿದ್ದ ಅವಳಪ್ಪ, ತೀರಿಕೊಳ್ಳುವ ಮುಂಚೆ ಕೈಯಾರೆ ಹೊಲಿದಿದ್ದ ಹದಿನೇಳು ಪುಸ್ತಕ ರದ್ದಿ ಗಾಡಿ ಹತ್ತಿ ಹೋಗಿದ್ದವು.

"ನಿಮ್ಮ ಮ್ಯಾಕ್ರೋ ನಮ್ಮಪ್ಪನ್ನ ರದ್ದಿಗೆ ಹಾಕ್ತು!"

ಅವನು ಪಟ್ಟಿಯನ್ನೊಮ್ಮೆ ನೋಡಿದ. ಮುಖ ಬಿಳಿಚಿತು. "ತಪ್ಪು ನಂದೇ," ಅಂದ. ಮೇಲಧಿಕಾರಿಯ ಎದುರೂ ಅದನ್ನೇ ಹೇಳಿ, ಬ್ಯಾಗ್ ಹೆಗಲಿಗೇರಿಸಿ ಹೊರಟುಹೋದ.

ಮೂರನೇ ದಿನವೂ ಅವಳ ಸಿಟ್ಟು ಆರಿರಲಿಲ್ಲ. ಅವನು ಬರುವುದಕ್ಕೂ ಮೊದಲಿನ ಪಟ್ಟಿ ತೆರೆದಳು. ಆ ಹದಿನೇಳು ಸಾಲು ಅಲ್ಲೂ ಕೆಂಪು!

ಆಗ ನೆನಪಾಯಿತು. ಪಟ್ಟಿ ಶುರು ಮಾಡಿದ ದಿನ ಅವಳೇ ಹಚ್ಚಿದ್ದು, 'ಯಾರಿಗೂ ಕೊಡಬಾರದು, ಜೋಪಾನ' ಅಂತ. ಕೆಂಪು ರದ್ದಿಯ ಬಣ್ಣವಾದದ್ದು ಆಮೇಲೆ. ಹಳೆಯದನ್ನು ಬದಲಿಸುವುದನ್ನೇ ಮರೆತಿದ್ದಳು. ಅಯ್ಯೋ, ಅವನಿಗೆ ಏನೆಲ್ಲ ಅಂದುಬಿಟ್ಟೆ! ಫೋನ್ ಮಾಡಿದರೆ ಅವನು ಎತ್ತಲಿಲ್ಲ.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅವನೇ ಬಂದ. ಅಂಗಿ ತುಂಬ ಧೂಳು, ಕೈಯಲ್ಲೊಂದು ಪುಸ್ತಕದ ಕಟ್ಟು.

"ಮೂರು ದಿನ ರದ್ದಿ ಗೋದಾಮಿನಲ್ಲಿ ಹುಡುಕಿದೆ. ಹದಿನಾರು ಸಿಕ್ತು. ಒಂದು... ಸಿಗಲೇ ಇಲ್ಲ."

"ಕೆಂಪು ಹಚ್ಚಿದ್ದು ನಾನು! ನಿಮಗೆ ಅವತ್ತೇ ಗೊತ್ತಾಗಿತ್ತು ಅಲ್ವಾ? ಯಾಕೆ ಹೇಳ್ಲಿಲ್ಲ?"

"ನಿಮ್ಮಪ್ಪನ ಪುಸ್ತಕಗಳನ್ನ ನೀವೇ ರದ್ದಿಗೆ ಹಾಕಿದ್ರಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅವಳು ಕಣ್ಣೊರೆಸಿಕೊಂಡು ಕಂಪ್ಯೂಟರ್ ಮುಂದೆ ಕೂತಳು. ಪಟ್ಟಿಯ ಕೊನೆಯ ಸಾಲಿನ ಕೆಳಗೆ ಟೈಪ್ ಮಾಡಿದಳು: 'ಮ್ಯಾಕ್ರೋ ಮಹಾಶಯ.'

ಅವನು ಬಗ್ಗಿ ನೋಡಿದ. "ಇದಕ್ಕೆ ಯಾವ ಬಣ್ಣ?"

"ಯಾವುದೂ ಬೇಡ. ಬಣ್ಣ ಹಚ್ಚಿದ್ರೆ ನಿಮ್ಮ ಮ್ಯಾಕ್ರೋ ಬಂದು ಬದಲಾಯಿಸಿಬಿಡುತ್ತೆ. ನೀವು ಹೀಗೇ ಇರಿ... ನನಗೆ ಹೀಗೇ ಬೇಕು."

ಅವನು ಕಟ್ಟನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ.

"ಹಾಗಾದ್ರೆ," ಅಂದ ಮೆಲ್ಲಗೆ, "ಮೊದಲು ಸೇವ್ ಮಾಡಿ."