ಕೊನೆಯ ನಾಲ್ಕು ಅಂಕಿ

ಚಿರಂತನ್‌ನನ್ನು ಮೊದಲ ಸಲ ನೋಡಿದಾಗ ಕಳ್ಳ ಅಂದುಕೊಂಡಿದ್ದೆ.

ಸ್ವೀಡನ್ನಿನ ಸೊಲ್ಲೆಂಟುನಾ ಎಂಬ ಊರಿನ ಆ ಮನೆಯ ಕೆಳಗಿನ ರೂಮಿಗೆ ನಾನು ಬಾಡಿಗೆಗೆ ಬಂದು ಒಂದು ವಾರವಾಗಿತ್ತು. ಬೆಂಗಳೂರಿನಿಂದ ಬಂದು ಎರಡು ವಾರ. ಮನೆಯವರಾದ ಶೋಭನಾ ಆಂಟಿ, ಅನಂತಕೃಷ್ಣ ಅಂಕಲ್ ಸಾಮಾನು ತರಲು ಹೋಗಿದ್ದರು. ನೀರು ಕುಡಿಯೋಣವೆಂದು ಮೇಲೆ ಅಡುಗೆಮನೆಗೆ ಬಂದರೆ, ಒಬ್ಬ ಉದ್ದನೆಯ ಹುಡುಗ ಫ್ರಿಜ್ ಬಾಗಿಲು ತೆರೆದಿಟ್ಟುಕೊಂಡು, ನಾನು ಆಫೀಸಿಗೆಂದು ಎತ್ತಿಟ್ಟಿದ್ದ ಚಿತ್ರಾನ್ನವನ್ನು ನಿಂತಲ್ಲೇ ತಿನ್ನುತ್ತಿದ್ದ.

"ಯಾರೋ ನೀನು?" ಎಂದು ಕಿರುಚಿದೆ. ಭಯವಾದರೆ ನನಗೆ ಮೊದಲು ಬರುವುದು ಕೋಪ.

"ಈ ಮನೆಯವನೇ. ಉಪ್ಸಾಲಾದಲ್ಲಿ ಓದ್ತೀನಿ," ಅಂದ ಬಾಯಿ ತುಂಬ ಅನ್ನ ಇಟ್ಟುಕೊಂಡು. "ನೀನು?"

"ನೀನು ಅಂತೆ! ನಿನಗಿಂತ ದೊಡ್ಡೋಳು ನಾನು."

"ಇಲ್ಲಿ ಎಲ್ಲರೂ ನೀನೇ. ನಾನು ಅಪ್ಪಂಗೂ ನೀನು ಅಂತೀನಿ." ಡಬ್ಬಿಯನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. ಚಮಚದಲ್ಲಿದ್ದ ಕೊನೆಯ ತುತ್ತನ್ನು ನನ್ನ ಕಡೆಗೆ ಚಾಚಿದ. "ತಗೋ. ಉಪ್ಪು ಸ್ವಲ್ಪ ಕಮ್ಮಿ ಆಗಿದೆ."

ಎಷ್ಟು ಕೊಬ್ಬು ನೋಡಿ! ಬೈಯಬೇಕೆಂದು ತಲೆಯೆತ್ತಿದೆ. ಅವನ ಕಣ್ಣುಗಳು ಆಗಲೇ ನಗುತ್ತಿದ್ದವು, ತುಟಿ ಮಾತ್ರ ಏನೂ ಅರಿಯದವನ ಹಾಗೆ ಗಂಭೀರವಾಗಿತ್ತು. ನನಗೆ ನಗು ಬಂದುಬಿಟ್ಟಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಆ 2003ರ ಬೇಸಿಗೆಯಿಡೀ ಅವನು ಮನೆಯಲ್ಲೇ ಇದ್ದ. ಸೆಪ್ಟೆಂಬರ್‌ನಿಂದ ಒಂದು ವರ್ಷ ಮ್ಯಾಡ್ರಿಡ್‌ನಲ್ಲಿ ಓದಲು ಅವನಿಗೆ ಸೀಟು ಸಿಕ್ಕಿತ್ತು. ಸ್ಪ್ಯಾನಿಷ್ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ನನ್ನ ಕೈಗೆ ಕೊಟ್ಟು, "ನೀನು ಕೇಳು, ನಾನು ಹೇಳ್ತೀನಿ" ಅನ್ನುತ್ತಿದ್ದ. ನಾನು ಆಫೀಸಿನಿಂದ ಬಂದ ಮೇಲೆ ಇಬ್ಬರೂ ಮನೆಯ ಹತ್ತಿರದ ಸರೋವರದ ದಂಡೆಯ ಬೆಂಚಿನ ಮೇಲೆ ಕೂರುತ್ತಿದ್ದೆವು. ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ನನ್ನ ಮುಖ ನೋಡುತ್ತಿದ್ದ. "ಪುಸ್ತಕ ನೋಡು," ಅಂದರೆ, "ಪುಸ್ತಕ ನಿನ್ನ ಹತ್ರ ಇದೆಯಲ್ಲ, ಅಲ್ಲೇ ನೋಡ್ತಿದೀನಿ," ಅನ್ನುತ್ತಿದ್ದ.

ಆಗಸ್ಟ್ ಕೊನೆಯಲ್ಲಿ ಅದೇ ಬೆಂಚಿನ ಮೇಲೆ ಕೇಳಿದ. "ಹೋಗಬೇಡ ಅಂತ ಒಂದು ಸಲ ಹೇಳು. ಹೋಗಲ್ಲ."

"ನಾನ್ಯಾರು ಹೇಳೋಕೆ? ಸುಮ್ನೆ ಹೋಗು."

ನನಗೆ ಭಯ. ಆಂಟಿ ನನ್ನನ್ನು ಮಗಳ ಹಾಗೆ ನೋಡಿಕೊಳ್ಳುತ್ತಿದ್ದರು; ಮನೆಯ ಹುಡುಗನ ಮೇಲೆ ಕಣ್ಣು ಹಾಕಿದಳು ಅಂದುಕೊಂಡರೆ? ಅವನಿಗಿಂತ ಎರಡು ವರ್ಷ ದೊಡ್ಡವಳು ನಾನು. ವರ್ಕ್ ಪರ್ಮಿಟ್ ಮುಗಿದರೆ ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕಾದವಳು. ಹೀಗೆ ಸಾವಿರ ನೆಪ. ಹೇಳಬೇಕಾದ ಒಂದು ಮಾತನ್ನು ಹೇಳಲಿಲ್ಲ. ಅವನೂ ಮತ್ತೆ ಕೇಳಲಿಲ್ಲ, ಹೋದ.

ಡಿಸೆಂಬರ್‌ನಲ್ಲಿ ಅವನು ಯೂನಿವರ್ಸಿಟಿಯ ಹಾಸ್ಟೆಲ್ ಬಿಟ್ಟು, ಊರ ಹೊರಗಿನ ಬಡಾವಣೆಯಲ್ಲಿ ರೂಮು ಹಿಡಿದ. ಅಲ್ಲಿ ರೂಮಿನಲ್ಲೇ ಇಂಟರ್ನೆಟ್ ಇತ್ತು. ದಿನಾ ನನ್ನ ಜೊತೆ ಚಾಟ್ ಮಾಡಬಹುದೆಂಬುದೊಂದೇ ಕಾರಣ. ಕಾಲೇಜಿಗೆ ಹೋಗಲು ಮಾತ್ರ ಲೋಕಲ್ ಟ್ರೇನ್ ಹಿಡಿಯಬೇಕಿತ್ತು.

"ಅಮ್ಮಂಗೆ ಹೇಳಬೇಡ," ಅಂದವಳು ನಾನೇ. "ಹಾಸ್ಟೆಲ್ ಯಾಕೆ ಬಿಟ್ಟೆ ಅಂತ ಕೇಳ್ತಾರೆ. ಸುಮ್ನೆ ಹೆದರ್ತಾರೆ."

ಅಂದಿನಿಂದ ಪ್ರತಿದಿನ ಬೆಳಿಗ್ಗೆ ಟ್ರೇನ್ ಹತ್ತಿದ ಕೂಡಲೇ ನನಗೊಂದು ಮಿಸ್ಡ್ ಕಾಲ್. ಒಂದೇ ರಿಂಗ್. ಆ ಒಂದು ರಿಂಗ್ ಸಾಕಿತ್ತು, ಮಾರ್ಚ್‌ನ ಹಿಮವೂ ಬೆಚ್ಚಗೆ ಅನ್ನಿಸುತ್ತಿತ್ತು.

ಮಾರ್ಚ್ ಹನ್ನೊಂದು, ಗುರುವಾರ. ಏಳೂವರೆಗೆ ಸ್ವಲ್ಪ ಮುಂಚೆ ರಿಂಗ್ ಬಂತು. ಹಾಸಿಗೆಯಲ್ಲೇ ನಕ್ಕು, ಎದ್ದು ಸ್ನಾನ ಮಾಡಿ ಮೇಲೆ ಬಂದೆ. ಅಂಕಲ್ ಕೆಲಸದ ಮೇಲೆ ದೂರದ ಉತ್ತರದ ಲುಲೆಯೊ ಊರಿಗೆ ಹೋಗಿದ್ದರು. ಆಂಟಿ ದೋಸೆ ಹಾಕುತ್ತಾ ಟಿವಿ ನೋಡುತ್ತಿದ್ದರು.

"ನೋಡೇ ಪಾವನಾ, ಮ್ಯಾಡ್ರಿಡ್‌ನಲ್ಲಿ ಟ್ರೇನ್‌ಗೆ ಬಾಂಬ್ ಇಟ್ಟಿದಾರಂತೆ. ಒಂದಲ್ಲ, ಮೂರೋ ನಾಲ್ಕೋ ಟ್ರೇನ್. ಬೆಳಿಗ್ಗೆ ಕೆಲಸಕ್ಕೆ, ಕಾಲೇಜಿಗೆ ಹೋಗೋ ಜನ. ಯಾರ ಮಕ್ಕಳೋ, ಅಯ್ಯೋ." ದೋಸೆ ಮಗುಚಿದರು. "ಸದ್ಯ, ನಮ್ಮವನು ಕಾಲೇಜಿನ ಒಳಗೇ ಇದಾನೆ. ದೇವರು ದೊಡ್ಡವನು."

ಪರದೆಯ ಮೇಲೆ ಒಂದು ಬೋಗಿಯ ಪಕ್ಕ ಸೀಳಿ ಹೋಗಿತ್ತು.

"ಬಂದೆ ಆಂಟಿ," ಎಂದು ಕೆಳಗೆ ಓಡಿದೆ. ಡಯಲ್ ಮಾಡಿದೆ. ಸ್ಪ್ಯಾನಿಷ್‌ನಲ್ಲಿ ಯಾವುದೋ ಹೆಣ್ಣುಧ್ವನಿ ಏನೋ ಹೇಳಿ ಕಟ್ ಆಯಿತು. ಮತ್ತೆ ಮಾಡಿದೆ. ಹದಿನೇಳು ಸಲ ಮಾಡಿದೆ. ಮೆಸೇಜ್ ಕಳಿಸಿದರೆ ತಲುಪಿದ ಗುರುತೇ ಇಲ್ಲ. ನನ್ನ ಜೊತೆ ಮಾತಾಡಲೆಂದು ಹಿಡಿದ ರೂಮು. ನನ್ನಿಂದಾಗಿ ಹತ್ತಿದ ಟ್ರೇನ್. ಹೋಗು ಅಂದವಳೂ ನಾನೇ. ದೇವರೇ, ದೇವರೇ ಎನ್ನುತ್ತಾ ಸುದ್ದಿಗೆಂದು ರೇಡಿಯೊ ಹಾಕಿದೆ.

ರೇಡಿಯೊದಲ್ಲಿ ವಿದೇಶಾಂಗ ಇಲಾಖೆಯ ಒಂದು ನಂಬರ್ ಹೇಳಿದರು. ಅಲ್ಲಿರುವ ಸ್ವೀಡಿಷ್ ಪ್ರಜೆಗಳ ಬಗ್ಗೆ ವಿಚಾರಿಸಲು. ತುಂಬಾ ಹೊತ್ತು ಕಾದ ಮೇಲೆ ಒಬ್ಬ ಹೆಂಗಸು ಫೋನ್ ಎತ್ತಿದಳು. ಮೃದುವಾದ ಧ್ವನಿ.

"ಅವರ ಹೆಸರು? ಪರ್ಸೂನ್‌ನುಮ್ಮರ್?"

ಈ ದೇಶದಲ್ಲಿ ಮನುಷ್ಯ ಅಂದರೆ ಸರ್ಕಾರ ಕೊಡುವ ಆ ಹತ್ತು ಅಂಕಿಯ ಗುರುತಿನ ನಂಬರ್. ಹುಟ್ಟಿದ ದಿನದ್ದು ಆರು, ಆಮೇಲೆ ನಾಲ್ಕು. ಆರು ಹೇಳಿದೆ. ಅವನ ಹುಟ್ಟುಹಬ್ಬಕ್ಕೆ ಕೇಸರಿಬಾತ್ ಮಾಡಿದ್ದೆ, ಮರೆಯುತ್ತೇನೆಯೇ?

"ಕೊನೆಯ ನಾಲ್ಕು?"

ಗೊತ್ತಿರಲಿಲ್ಲ. ಅವನು ಸೋಫಾದಲ್ಲಿ ಎಡಗಡೆ ತಿರುಗಿ ಮಲಗುತ್ತಾನೆಂದು ಗೊತ್ತಿತ್ತು, ಬೆಳ್ಳುಳ್ಳಿ ಸೇರುವುದಿಲ್ಲವೆಂದು ಗೊತ್ತಿತ್ತು, ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತದೆಂದು ಗೊತ್ತಿತ್ತು. ಆ ನಾಲ್ಕು ಅಂಕಿ ಗೊತ್ತಿರಲಿಲ್ಲ.

"ನೀವು ಅವರಿಗೆ ಏನಾಗಬೇಕು?"

"ನಾನು... ಅವರ ಮನೇಲಿ ಬಾಡಿಗೆಗಿದೀನಿ."

"ಮನೆಯವರು ಯಾರಾದರೂ ಇದ್ದರೆ ಫೋನ್ ಮಾಡಿಸಿ," ಅಂದಳು. "ಪೂರ್ತಿ ನಂಬರ್ ಇದ್ದರೆ ಹುಡುಕೋದು ಸುಲಭ."

ಮನೆಯವರು ಮೇಲೆ ನೆಮ್ಮದಿಯಾಗಿ ದೋಸೆ ಹಾಕುತ್ತಿದ್ದರು. ಅವರಿಗೆ ಹೇಳಿದರೆ ಆ ನೆಮ್ಮದಿ ಹೋಯಿತು. ನನ್ನ ಮರ್ಯಾದೆಯೂ ಹೋಯಿತು, ಇದ್ದೊಂದು ಆಸರೆಯ ಮನೆಯೂ ಹೋಯಿತು. ಹೇಳದಿದ್ದರೆ ಯಾವುದೋ ಆಸ್ಪತ್ರೆಯಲ್ಲಿ ಹೆಸರಿಲ್ಲದೆ ಮಲಗಿರಬಹುದಾದ ಅವನನ್ನು ಹುಡುಕುವವರೇ ಇಲ್ಲ. ಮೆಟ್ಟಿಲು ಹತ್ತಿದೆ.

"ಆಂಟಿ, ಚಿರಂತನ್ ಹಾಸ್ಟೆಲ್‌ನಲ್ಲಿಲ್ಲ. ಡಿಸೆಂಬರ್‌ನಲ್ಲೇ ಬಿಟ್ಟ. ಆ ಟ್ರೇನ್‌ಗಳಿವೆಯಲ್ಲ... ಅದೇ ಲೈನ್‌ನಲ್ಲೇ ದಿನಾ ಕಾಲೇಜಿಗೆ ಹೋಗ್ತಾನೆ."

"ಏನೇ ಹುಚ್ಚುಚ್ಚಾಗಿ ಮಾತಾಡ್ತಿದೀಯ? ನಿಂಗ್ ಹೇಗೆ ಗೊತ್ತು?"

"ಟ್ರೇನ್ ಹತ್ತಿದ ತಕ್ಷಣ ನಂಗೆ ಮಿಸ್ಡ್ ಕಾಲ್ ಕೊಡ್ತಾನೆ. ಇವತ್ತೂ ಕೊಟ್ಟ."

ಆಂಟಿ ನನ್ನನ್ನೇ ನೋಡಿದರು. ಕಾವಲಿಯ ಮೇಲಿನ ದೋಸೆ ಸೀದು ಹೊಗೆ ಬರುತ್ತಿತ್ತು. ಅವರು ಒಲೆ ಆರಿಸಿದರು, ಕೈ ಒರೆಸಿಕೊಂಡರು, ನನ್ನಿಂದ ನಂಬರ್ ಇಸಿದುಕೊಂಡು ಫೋನ್ ಮಾಡಿದರು. ಹತ್ತು ಅಂಕಿಗಳನ್ನೂ ಸ್ವೀಡಿಷ್‌ನಲ್ಲಿ ಒಂದೇ ಉಸಿರಿಗೆ ಹೇಳಿದರು. ಫೋನ್ ಇಟ್ಟ ಮೇಲೆ ರಿಸೀವರ್ ಸರಿಯಾಗಿ ಕೂತಿದೆಯಾ ಎಂದು ಎರಡು ಸಲ ನೋಡಿದರು.

ಅಂಕಲ್‌ಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಇಬ್ಬರೂ ಊಟದ ಮೇಜಿನ ಎದುರುಬದುರು ಕೂತೆವು. ಒಂಬತ್ತಾಯಿತು, ಹತ್ತಾಯಿತು. ಟಿವಿಯಲ್ಲಿ ಸತ್ತವರ ಸಂಖ್ಯೆ ಏರುತ್ತಲೇ ಇತ್ತು. ಆಫ್ ಮಾಡಲೂ ಧೈರ್ಯವಿಲ್ಲ, ನೋಡಲೂ ಧೈರ್ಯವಿಲ್ಲ.

"ಹಾಸ್ಟೆಲ್ ಯಾಕೆ ಬಿಟ್ಟ?" ಆಂಟಿ ತಲೆಯೆತ್ತದೆ ಕೇಳಿದರು.

ಇನ್ನು ಸುಳ್ಳು ಹೇಳಲಾರೆ. "ರೂಮಲ್ಲಿ ಇಂಟರ್ನೆಟ್ ಇದೆ ಅಂತ. ನನ್ನ ಜೊತೆ ಮಾತಾಡೋಕೆ."

"ಅವನಿಗೇನಾದ್ರೂ ಆಗಿದ್ರೆ, ಪಾವನಾ, ಈ ಜನ್ಮದಲ್ಲಿ ನಿನ್ನನ್ನ ಕ್ಷಮಿಸಲ್ಲ."

"ನಾನೂ ಕ್ಷಮಿಸ್ಕೊಳಲ್ಲ ಆಂಟಿ."

ಹನ್ನೊಂದು ಗಂಟೆ ದಾಟಿದ ಮೇಲೆ ಮನೆಯ ಫೋನ್ ಹೊಡೆದುಕೊಂಡಿತು. ಇಬ್ಬರೂ ಎದ್ದು ನಿಂತೆವು, ಇಬ್ಬರೂ ಮುಂದೆ ಹೋಗಲಿಲ್ಲ. ಇಲಾಖೆಯವರಾಗಿದ್ದರೆ? ಆ ಮೃದು ಧ್ವನಿಯ ಹೆಂಗಸೇ ಆಗಿದ್ದರೆ?

"ನೀನೇ ಎತ್ತೇ," ಆಂಟಿ ಪಿಸುಗುಟ್ಟಿದರು. "ನಂಗೆ ಕೈ ಬರ್ತಿಲ್ಲ."

ಎತ್ತಿ ಕಿವಿಗಿಟ್ಟುಕೊಂಡೆ. ಗೌಜು ಗದ್ದಲ, ಆಮೇಲೆ ಒಂದು ಧ್ವನಿ. "ಅಮ್ಮ?"

ನನ್ನ ಗಂಟಲಿನಿಂದ ಹೊರಟ ಶಬ್ದ ಯಾವ ಭಾಷೆಯದೋ ಗೊತ್ತಿಲ್ಲ.

"ಪಾವನಾ? ನೀನಾ? ನಾನು ಚೆನ್ನಾಗಿದೀನಿ ಕಣೇ. ಅಮ್ಮಂಗೆ ಏನೂ ಗೊತ್ತಾಗ್ಲಿಲ್ಲ ತಾನೇ?"

"ಅಯ್ಯೋ ಕತ್ತೆ! ಎಲ್ಲಾ ಗೊತ್ತಾಯ್ತು," ಎಂದು ಅಳುತ್ತಲೇ ಬೈದೆ.

ಆಂಟಿ ರಿಸೀವರ್ ಕಿತ್ತುಕೊಂಡರು. ಬೈದರು, ಅತ್ತರು, ಕೈಕಾಲು ಸರಿಯಿದೆಯಾ ಎಂದು ಮೂರು ಸಲ ಕೇಳಿದರು. ಅವನಿದ್ದದ್ದು ಬಾಂಬ್ ಸಿಡಿದ ಟ್ರೇನ್‌ನ ಹಿಂದೆ ಬರುತ್ತಿದ್ದ ಟ್ರೇನ್‌ನಲ್ಲಿ. ದಾರಿಯ ಮಧ್ಯೆ ನಿಲ್ಲಿಸಿ ಎಲ್ಲರನ್ನೂ ಇಳಿಸಿದರಂತೆ. ಹಳಿಯ ಪಕ್ಕದಲ್ಲೇ ನಡೆದುಕೊಂಡು ಹೋದರಂತೆ. ಮೊಬೈಲ್ ಯಾರದೂ ಕೆಲಸ ಮಾಡುತ್ತಿರಲಿಲ್ಲ. ಒಬ್ಬ ಅಜ್ಜಿ ತನ್ನ ಮನೆ ಬಾಗಿಲು ತೆರೆದು ತಲಾ ಎರಡು ನಿಮಿಷ ಫೋನ್ ಬಳಸಿಕೊಳ್ಳಿ ಅಂದಿದ್ದಳು. ಅವಳ ಬಾಗಿಲಲ್ಲಿ ಸಾಲು ನಿಂತು ಅವನ ಸರದಿ ಈಗ ಬಂದಿತ್ತು.

ಆಂಟಿ ರಿಸೀವರನ್ನು ನನ್ನ ಕಡೆ ಚಾಚಿದರು. "ನಿನ್ನ ಹತ್ರ ಮಾತಾಡ್ಬೇಕಂತೆ."

ಈಗ ಅವನ ಧ್ವನಿಯಲ್ಲಿ ತಮಾಷೆ ಇರಲಿಲ್ಲ. "ನಮ್ಮ ಮುಂದಿದ್ದ ಟ್ರೇನ್‌ನಲ್ಲಿದ್ದೋರನ್ನ ಹೊತ್ಕೊಂಡು ಬರ್ತಿದ್ರು ಪಾವನಾ. ನಾನು ನೋಡ್ದೆ. ತುಂಬಾ ಭಯ ಆಯ್ತು. ನಿಂಗೆ ಹೇಳ್ದೇನೇ ಹೋಗ್ಬಿಡ್ತೀನಾ ಅನ್ನಿಸ್ತು. ನೀನೂ ಹೇಳಿಲ್ಲ. ಈಗ್ಲಾದ್ರೂ ಹೇಳು."

ಆಂಟಿಗೆ ಬೆನ್ನು ಮಾಡಿ ನಿಂತಿದ್ದೆ. ಎಷ್ಟು ದಿನ ಅಂತ ಹೀಗೆ? ತಿರುಗಿ ಅವರ ಎದುರಿಗೇ ನಿಂತುಕೊಂಡೆ.

"ನಂಗೆ ನೀನು ಬೇಕು ಕಣೋ. ಚಿತ್ರಾನ್ನ ತಿಂದ ದಿನದಿಂದಲೂ ಬೇಕು. ನೀನಿಲ್ದೆ ನಂಗೆ ಆಗಲ್ಲ. ಹೆದರ್ಕೊಂಡು ಹೇಳ್ಲಿಲ್ಲ, ಅಷ್ಟೇ."

ಲೈನ್ ಕಟ್ಟಾಗಿತ್ತು. ಎಲ್ಲಿ ಕಟ್ಟಾಯಿತೋ, ಅವನಿಗೆಷ್ಟು ಮುಟ್ಟಿತೋ ಗೊತ್ತಿಲ್ಲ. ಸುಮ್ಮನಿದ್ದ ರಿಸೀವರನ್ನು ಹಿಡಿದುಕೊಂಡು ನಿಂತಿದ್ದೆ.

"ಕೇಳಿಸ್ತಾ ಅವನಿಗೆ?" ಆಂಟಿ ಕೇಳಿದರು.

"ಗೊತ್ತಿಲ್ಲ ಆಂಟಿ."

"ನಂಗಂತೂ ಕೇಳಿಸ್ತು."

ಅವರು ಸೀದ ದೋಸೆಯನ್ನು ಕೆರೆದು ಕಸಕ್ಕೆ ಹಾಕಿದರು, ಕಾವಲಿ ತೊಳೆದರು. ನನ್ನ ಕಡೆ ತಿರುಗಲೇ ಇಲ್ಲ. ಕೆಳಗೆ ಹೋಗಿ ಸೂಟ್‌ಕೇಸ್ ತೆಗೆಯಬೇಕೇನೋ ಎಂದುಕೊಳ್ಳುತ್ತಾ ನಿಂತಿದ್ದೆ. ಅವನು ಬದುಕಿದ್ದ, ಹಾಗಾಗಿ ಅದಕ್ಕೂ ತಯಾರಿದ್ದೆ.

"ಮ್ಯಾಡ್ರಿಡ್‌ಗೆ ಟಿಕೆಟ್ ನೋಡು," ಅಂದರು ನಲ್ಲಿ ನಿಲ್ಲಿಸಿ. "ನಾಳೆಗೆ ಸಿಕ್ಕಿದ್ರೆ ನಾಳೆಗೆ. ಅವನ ಮುಖ ನೋಡೋ ತನಕ ನಂಗೆ ಅನ್ನ ಇಳಿಯಲ್ಲ."

"ಒಂದು ಟಿಕೆಟ್ಟಾ ಆಂಟಿ?"

"ಎರಡು."

ಸ್ವಲ್ಪ ಹೊತ್ತು ನನಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕುರ್ಚಿ ಎಳೆದುಕೊಂಡು ಕೂತೆ. ಅಷ್ಟರಲ್ಲೇ ಆ ಬೋಗಿ ಮತ್ತೆ ಕಣ್ಣಮುಂದೆ ಬಂತು. ಅದೇ ಊರು, ಅದೇ ರೈಲುಗಳು.

"ನಂಗೆ ಅಲ್ಲಿಗೆ ಹೋಗೋಕೆ ಭಯ ಆಗ್ತಿದೆ ಆಂಟಿ," ಅಂದೆ.

ಆಂಟಿ ಬಂದು ಪಕ್ಕದಲ್ಲಿ ಕೂತರು. ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದರು.

"ನಂಗೂ ಆಗ್ತಿದೆ ಕಣೇ. ಅದಕ್ಕೇ ಎರಡು ಅಂದಿದ್ದು."

ನಾನು ಕಣ್ಣೊರೆಸಿಕೊಂಡು ಕಂಪ್ಯೂಟರ್ ಆನ್ ಮಾಡಿದೆ.