ಹಳೇ ಪ್ರಿಂಟರ್ ದೂರು

ಲ್ಯಾಬಿನ ಒಂದೇ ಕಂಪ್ಯೂಟರಿಗೆ ಇಬ್ಬರು. ರಕ್ತಪರೀಕ್ಷೆಯ ವರದಿಗಳನ್ನು ಮಧ್ಯಾಹ್ನ ಎರಡರವರೆಗೆ ಅವಳು ಟೈಪ್ ಮಾಡುವಳು, ಆಮೇಲೆ ಅವನು. ಅವನ ಬಾಯಲ್ಲಿ ಅವಳು ‘ಬೆಳಗಿನವರು’, ಅವಳ ಬಾಯಲ್ಲಿ ಅವನು ‘ಸಂಜೆಯವರು’. ಕುರ್ಚಿ ಬಿಟ್ಟುಕೊಡುವ ಹತ್ತು ನಿಮಿಷವಷ್ಟೇ ಇಬ್ಬರದ್ದೂ.

ಉಳಿದ ಮಾತೆಲ್ಲ ಒಂದು ಫೈಲಿನಲ್ಲಿ. ಮಾಲೀಕರು ಅಪ್ಪಿತಪ್ಪಿಯೂ ತೆರೆಯಬಾರದೆಂದು ಅವನೇ ಅದಕ್ಕೆ ‘ಹಳೇ ಪ್ರಿಂಟರ್ ದೂರು’ ಎಂದು ಹೆಸರಿಟ್ಟಿದ್ದ. ‘ಕುರ್ಚಿ ಇನ್ನೂ ಬೆಚ್ಚಗಿತ್ತು, ಏಳೋಕೇ ಮನಸ್ಸಾಗಲಿಲ್ಲ’ ಎಂದು ಅವನು ಬರೆದರೆ, ‘ನಿಮ್ಮ ಸೋಮಾರಿತನಕ್ಕೆ ನನ್ನ ಮೇಲೇಕೆ ಗೂಬೆ ಕೂರಿಸ್ತೀರಿ?’ ಎಂದು ಮಾರನೇ ಬೆಳಿಗ್ಗೆ ಅವಳು. ಗಂಡ ತೀರಿಹೋದ ಆರು ವರ್ಷಗಳ ಮೇಲೆ ಅವಳಿಗೆ, ಮಗಳನ್ನು ಶಾಲೆಗೆ ಬಿಟ್ಟು ಓಡೋಡಿ ಬರುವುದಕ್ಕೆ ಸಂಬಳವಲ್ಲದೆ ಇನ್ನೊಂದು ಕಾರಣ ಸಿಕ್ಕಿತ್ತು.

ಆಗ ಹೊಸ ಸಿಸ್ಟಮ್ ಬಂತು.

“ಇನ್ಮೇಲೆ ಇಬ್ರಿಗೂ ಬೇರೆ ಬೇರೆ ಲಾಗಿನ್ ಅಕ್ಕಾ. ಒಬ್ರದ್ದು ಇನ್ನೊಬ್ರಿಗೆ ಕಾಣಲ್ಲ. ಭಾನುವಾರ ಸಂಜೆ ಹಳೇದೆಲ್ಲ ಅಳಿಸ್ತೀನಿ, ಬೇಕಾದ್ದನ್ನ ಪೆನ್‌ಡ್ರೈವಿಗೆ ಹಾಕ್ಕೊಳಿ,” ಎಂದ ಟೆಕ್ನಿಷಿಯನ್. ಭಾನುವಾರ ಬೆಳಿಗ್ಗೆ ಬಂದು ನಕಲು ಮಾಡಿಕೊಳ್ತೀನಿ ಎಂದು ಅವನಿಗೆ ಹೇಳಿದ್ದವಳು, ಕಾಯಲಾರದೆ ಶನಿವಾರ ಮಧ್ಯಾಹ್ನವೇ ವರದಿಗಳಿಗಿಂತ ಮೊದಲು ಆ ಫೈಲನ್ನು ನಕಲು ಮಾಡಿಕೊಂಡಳು.

ಸೋಮವಾರ ಎರಡು ಗಂಟೆಗೆ ಅವನು ಬಂದಾಗ ಅವಳಿಗೆ ಅಳುವುದೊಂದೇ ಬಾಕಿ.

“ಇದೇನ್ರೀ ಇದು! ಮೂಲೆಯಲ್ಲಿದ್ದ ಬಟನ್ ನಡುಮನೆಗೆ ಬಂದು ಕೂತಿದೆ. ಪ್ರಿಂಟರ್ ಪಕ್ಕದಲ್ಲೇ ಇದ್ರೂ ಕಾಣ್ತಿಲ್ಲ ಅನ್ನುತ್ತೆ.”

“ಪಕ್ಕದಲ್ಲಿರೋರು ಕಾಣದೇ ಇರೋದು ಹೊಸ ಕಾಯಿಲೆಯೇನಲ್ಲ ಬಿಡಿ.”

ನಕ್ಕವನು ಅವಳ ಮುಖವನ್ನೇ ನೋಡುತ್ತ ನಿಂತ. ಏನೋ ಕೇಳಿಸಿಕೊಳ್ಳಬೇಕಿದ್ದವನಂತೆ.

“ಬೇರೇನೂ... ಹೇಳೋದಿಲ್ವಾ?”

“ಇದೆಯಲ್ಲ! ಮೂರು ಸಲ ಪಾಸ್‌ವರ್ಡ್ ತಪ್ಪಿ ಬಾಗಿಲು ಹಾಕ್ಕೊಂಡುಬಿಡ್ತು.”

“ಓ,” ಎಂದ ಅವನು, ಮೆಲ್ಲಗೆ.

ಆಮೇಲಿನ ಹತ್ತು ನಿಮಿಷಗಳೆಲ್ಲ ಕಂಪ್ಯೂಟರನ್ನು ಬೈಯುವುದರಲ್ಲೇ ಕಳೆದವು. ಬರಬರುತ್ತ ಅದೂ ಕಡಿಮೆಯಾಯಿತು. ಅವನಿಗೆ ಸಾಕಾಯಿತೇನೋ ಎಂದುಕೊಂಡಳು. ಮಗಳಿರುವ ಹೆಂಗಸು, ನಾನಾಗಿ ಕೇಳುವುದು ಹೇಗೆ? ತನ್ನ ಲಾಗಿನ್ನಿನಲ್ಲಿ ಫೈಲು ತೆರೆದು ನೋಡುವಳು. ಕೊನೆಯ ಸಾಲು ಅವಳದ್ದೇ: ‘ಸೋಮವಾರ ಸಿಗೋಣ.’

ಮೂರು ತಿಂಗಳಿಗೆ ಅವನಿಗೆ ಬೇರೆ ಊರಿನ ಲ್ಯಾಬಿನಲ್ಲಿ ಕೆಲಸವಾಯಿತು.

“ಮನೇಲಿ ಹುಡುಗಿ ನೋಡಿದ್ರು. ಹೋದ ವಾರ ಮಾತಾಯ್ತು,” ಎಂದ, ಕುರ್ಚಿಯ ಬೆನ್ನು ಹಿಡಿದುಕೊಂಡು.

“ಒಳ್ಳೇದಾಯ್ತು ಸಂಜೆಯವರೇ. ಇನ್ನಾದ್ರೂ ಕುರ್ಚಿ ಬಿಟ್ಟು ಬೇಗ ಮನೆಗೆ ಹೋಗ್ತೀರಿ.” ನಾಲಿಗೆ ಅದೆಲ್ಲಿಂದ ಆ ತಮಾಷೆಯನ್ನು ಹೆಕ್ಕಿ ತಂದಿತೋ.

“ನನ್ನ ಲಾಗಿನ್ನಲ್ಲಿ ನಾಲ್ಕು ವರದಿ ಉಳಿದಿವೆ. ನೀವೇ ಮುಗಿಸಿಬಿಡಿ.” ಪಾಸ್‌ವರ್ಡ್ ಬರೆದ ಚೀಟಿ ಕೊಟ್ಟು ಹೊರಟ. ಬಾಗಿಲಲ್ಲಿ ಒಮ್ಮೆ ತಿರುಗಿದ.

ಮಾರನೇ ಬೆಳಿಗ್ಗೆ ಆ ನಾಲ್ಕು ವರದಿಗಳ ಪಕ್ಕದಲ್ಲೇ ಇತ್ತು ‘ಹಳೇ ಪ್ರಿಂಟರ್ ದೂರು’. ಅವನೂ ನಕಲು ಮಾಡಿಕೊಂಡಿದ್ದ; ಶನಿವಾರ ರಾತ್ರಿ, ಅವಳು ಮನೆಗೆ ಹೋದ ಎಷ್ಟೋ ಹೊತ್ತಿನ ಮೇಲೆ. ‘ಸೋಮವಾರ ಸಿಗೋಣ’ದ ಕೆಳಗೆ ಅವಳು ಕಂಡೇ ಇರದ ಸಾಲುಗಳು:

‘ನಿಮ್ಮಿಬ್ಬರ ಮನೇಲಿ ಇನ್ನೊಂದು ತಟ್ಟೆಗೆ ಜಾಗ ಇದೆಯಾ? ನಾಳೆ ಇದು ಅಳಿಸಿಹೋಗುತ್ತೆ, ನೀವು ಓದಲೂ ಆಗಲ್ಲ ಅಂದ್ಕೊಂಡಿದ್ದೆ. ಬೆಳಿಗ್ಗೆ ಬಂದು ನಕಲು ಮಾಡಿಕೊಳ್ತೀನಿ ಅಂದಿರಲ್ಲ, ಧೈರ್ಯ ಬಂತು. ಸೋಮವಾರ ಹೇಳಿ.’

ಶನಿವಾರ ಮಧ್ಯಾಹ್ನವೇ ಅವಳು ನಕಲು ಮಾಡಿ ಮುಗಿಸಿದ್ದಳೆಂದು ಅವನಿಗೆ ಗೊತ್ತಿರಲಿಲ್ಲ.

ಅದರ ಕೆಳಗೆ ಇನ್ನೊಂದು ಸಾಲು, ಒಂದು ತಿಂಗಳ ನಂತರದ್ದು: ‘ಹೇಳದೇ ಇರೋದೂ ಒಂದು ಉತ್ತರವೇ. ಬೇಜಾರಿಲ್ಲ.’

ಫೋನ್ ಕೈಗೆತ್ತಿಕೊಂಡಳು. ಎಲ್ಲೋ ಒಂದು ಮನೆಯಲ್ಲಿ ಯಾವಳೋ ಹುಡುಗಿ ಆಗಲೇ ‘ಹೂಂ’ ಅಂದಾಗಿತ್ತು. ಫೋನ್ ಕೆಳಗಿಟ್ಟು ಟೈಪ್ ಮಾಡಿದಳು: ‘ನಮ್ಮನೇಲಿ ತಟ್ಟೆ ಮೂರಿವೆ. ಒಂದು ಯಾವಾಗಲೂ ಖಾಲಿ.’

ಅಷ್ಟರಲ್ಲಿ ಟೆಕ್ನಿಷಿಯನ್ನೇ ಫೋನ್ ಮಾಡಿದ. “ಅಕ್ಕಾ, ಆ ಸಾರ್ ಲಾಗಿನ್ ತೆಗೀತೀನಿ. ಅದರಲ್ಲಿ ಇಟ್ಕೊಳ್ಳೋದು ಏನಾದ್ರೂ ಇದೆಯಾ?”

“ಏನಿಲ್ಲಪ್ಪ,” ಎಂದಳು, ಸೇವ್ ಒತ್ತಿ. “ಹಳೇ ಪ್ರಿಂಟರ್ ದೂರೊಂದಿದೆ. ತೆಗೆದುಬಿಡು.”